ಸಚಿವರ ಕೈಮಾತು

“ನಾಳೆಯಿಂದ ನಾನಿರಲ್ಲ ಅಂತ ಒಂದು ಮಾತೂ ಆಡ್ಬಾರದು. ಕೈಯಲ್ಲೂ ಆಡ್ಬಾರದು,” ಎಂದು ವಾರ್ತಾ ವಿಭಾಗದ ಮುಖ್ಯಸ್ಥರು ಮೇಕಪ್ ಕೋಣೆಯ ಬಾಗಿಲಲ್ಲೇ ಅವಳನ್ನು ತಡೆದು ಹೇಳಿದರು. “ಇವತ್ತು ಸಚಿವರು ಬೇರೆ ಸ್ಟುಡಿಯೋಗೆ ಬಂದು ಕೂತಿದಾರೆ. ನಮ್ಮ ಅನುದಾನ ಅವರ ಕೈಲಿದೆಯಮ್ಮ. ಸರ್ಕಾರದ ದುಡ್ಡಲ್ಲಿ ನಡೆಯೋ ಟೀವಿ ಇದು. ಅವರು ನಲ್ಲಿ ಬಿಟ್ರೆ ನೀರು, ಇಲ್ಲಾಂದ್ರೆ ಬರೀ ಗಾಳಿ.”

ಆ ನಲ್ಲಿಯನ್ನು ಸಚಿವರು ಆಗಲೇ ಅರ್ಧ ಮುಚ್ಚಿಯಾಗಿತ್ತು. ವಾಹಿನಿ ತನ್ನ ಕಾಲ ಮೇಲೆ ತಾನು ನಿಲ್ಲಬೇಕಂತೆ. ಅದಕ್ಕೆ ಮೊದಲು ಕತ್ತರಿ ಬಿದ್ದದ್ದು ಸಂಜೆ ವಾರ್ತೆಯ ಮೂಲೆಯಲ್ಲಿದ್ದ ಚಿಕ್ಕ ಚೌಕಕ್ಕೆ. ಕಿವಿ ಕೇಳದವರಿಗಾಗಿ ಸುದ್ದಿಯನ್ನು ಕೈಸನ್ನೆಯಲ್ಲಿ ಹೇಳುತ್ತ ಅವಳು ವರ್ಷಗಟ್ಟಲೆ ನಿಂತದ್ದು ಆ ಚೌಕದಲ್ಲೇ. ನಾಳೆಯಿಂದ ಅಲ್ಲಿ ಜಾಹೀರಾತು. ಈ ಕೈಗಳು ಕಾಸು ತರುವುದಿಲ್ಲವಲ್ಲ, ಇನ್ನೇನು ತಾನೇ ಮಾಡಿಯಾರು!

“ಕೆಲಸ ಹೋದ್ರೆ ಹೋಗ್ಲಿ ಸಾರ್,” ಎಂದಳು. ಜಗಳಕ್ಕೆ ಬೇಕಾದ ಕಸುವೂ ಅವಳಲ್ಲಿ ಉಳಿದಿರಲಿಲ್ಲ. “ನೋಡೋರಿಗೆ ಒಂದು ಮಾತು ಹೇಳಿ ಹೋಗ್ತೀನಿ. ಇಲ್ಲಾಂದ್ರೆ ನಾನೇ ಅವರನ್ನ ಬಿಟ್ಟು ಹೋದೆ ಅಂದ್ಕೊಳ್ತಾರೆ. ನಮ್ಮಕ್ಕಂಗೂ ಕಿವಿ ಕೇಳಲ್ಲ, ದಿನಾ ನೋಡ್ತಾಳೆ. ಅವಳಿಗೂ ಹೇಳಿಲ್ಲ. ಹೇಳೋಕೆ ಕೈಯೇ ಬಂದಿಲ್ಲ.”

“ಹೇಳಿದ್ರೆ ದೂರು ಬರುತ್ತೆ. ದೂರು ಬಂದ್ರೆ ಅವರಿಗೆ ಸಿಟ್ಟು ಬರುತ್ತೆ. ಇನ್ನರ್ಧಾನೂ ಹೋಗುತ್ತೆ. ಉಳಿದೋರ ಹೊಟ್ಟೆ ಮೇಲೆ ಹೊಡೀಬೇಡ ತಾಯಿ,” ಎಂದು ಮುಖ್ಯಸ್ಥರು ಅಂಗಲಾಚಿದರು. ಅವರೂ ಸೋತು ಸುಣ್ಣವಾಗಿದ್ದರು, ಪಾಪ.

ಒಳಗೆ ಮೂಗಿಗೆ ಪೌಡರು ಹಾಕಿಸಿಕೊಳ್ಳುತ್ತಿದ್ದ ಸಚಿವರು ಕನ್ನಡಿಯಲ್ಲೇ ಅವಳನ್ನು ಕಂಡು ಅರಳಿದರು. “ಓಹೋ, ಕೈ ಆಡ್ಸೋ ಮೇಡಮ್ಮು! ಬನ್ನಿ ಬನ್ನಿ. ನಂಗೂ ಒಂದು ಸನ್ನೆ ಹೇಳ್ಕೊಡಿ. ಕೊನೇಲಿ ನಾನೇ ಮಾಡ್ತೀನಿ, ಜನ ಖುಷಿಪಡ್ತಾರೆ.” ಮೂಲೆಯ ಚೌಕ ಯಾರ ಸಹಿಯಿಂದ ಹೋಯಿತೆಂಬುದು ಅವರಿಗೆ ನೆನಪೂ ಇದ್ದಂತಿರಲಿಲ್ಲ.

“ಏನಂತ ಹೇಳ್ಬೇಕು ಸಾರ್?”

“ನಿಮ್ಮ ಸೇವೆಗೆ ನಾನು ಸದಾ ಸಿದ್ಧ, ಅಂತ.”

ಅವಳು ಕನ್ನಡಿಯ ಪಕ್ಕಕ್ಕೆ ಬಂದು ನಿಂತಳು. ಆಮೇಲೆ ಹೇಳಿಕೊಟ್ಟಳು. ಮೊದಲು ಎರಡೂ ಕೈಗಳ ಬೆರಳನ್ನು ಗಾಳಿಯಲ್ಲಿ ಆಡಿಸಬೇಕು, ಆಮೇಲೆ ಒಂದು ಅಂಗೈಯ ಮೇಲೆ ಇನ್ನೊಂದನ್ನು ಮಚ್ಚಿನಂತೆ ಇಳಿಸಬೇಕು, ಕೊನೆಗೆ ಎದೆ ಮುಟ್ಟಿಕೊಳ್ಳಬೇಕು. ಸಚಿವರು ಜಾಣರು, ಬೇಗ ಕಲಿತರು. “ಎದೆ ಮುಟ್ಕೊಳ್ಳೋದು ಚೆನ್ನಾಗಿದೆ ಕಣ್ರೀ,” ಎಂದರು.

ನೇರ ಪ್ರಸಾರದಲ್ಲಿ ಅವರು ಸರ್ಕಾರಿ ಟೀವಿ ಜನರ ಆಸ್ತಿ ಎಂದರು, ಯಾವ ಸೇವೆಗೂ ಕೊರತೆ ಮಾಡಿಲ್ಲ ಎಂದರು. ಅಷ್ಟನ್ನೂ ಅವಳು ಒಂದಿಷ್ಟೂ ಹೆಚ್ಚುಕಡಿಮೆ ಮಾಡದೆ ಕೈಯಲ್ಲಿ ಹೇಳಿದಳು. ಕೊನೆಗೆ ಸಚಿವರು ನಗುನಗುತ್ತ ತಾವೇ ಸನ್ನೆ ಮಾಡಿದರು. ಆಗ ಅವಳು ಕೈಕಟ್ಟಿ ನಿಂತಳು. ಅವರೇ ಹೇಳುತ್ತಿರುವಾಗ ಇವಳದೇನು ಕೆಲಸ? ಕ್ಯಾಮೆರಾದ ಹಿಂದಿನಿಂದ ಮುಖ್ಯಸ್ಥರು ಭೇಷ್ ಎಂಬಂತೆ ತಲೆದೂಗಿದರು.

ಮನೆಯಲ್ಲಿ ಅಕ್ಕ ಬಾಗಿಲಿಗೇ ಬಂದು ನಿಂತಿದ್ದಳು. ಚಪ್ಪಲಿ ಬಿಡುವುದಕ್ಕೂ ಬಿಡದೆ ಕೈಯಲ್ಲಿ ಕೇಳಿದಳು: ‘ಈ ಕೈಮಾತು ನಿಲ್ಲಿಸಿದ್ದು ನಾನೇ ಅಂದನಲ್ಲೇ ಆ ಸಚಿವ! ನಿಜವೇನೇ?’ ಇವಳು ಹೌದೆಂದು ತಲೆಯಾಡಿಸಿದಳು. ಅಷ್ಟು ಹೊತ್ತು ತಡೆದಿದ್ದ ಅಳು ಆಗ ಬಂತು. ಅಕ್ಕ ಅವಳನ್ನು ತಬ್ಬಿಕೊಂಡಳು, ಆಮೇಲೆ ಒಂದು ಕೈ ಬಿಡಿಸಿಕೊಂಡು ಸಚಿವರಿಗೆ ನಾಲ್ಕು ಮಾತು ಬೈದಳು.

ದೂರುಗಳು ಬಂದವು. ಮುಖ್ಯಸ್ಥರು ಅವನ್ನು ಮೇಜಿನ ಖಾನೆಗೆ ತಳ್ಳಿದರು. ಸಚಿವರಿಗೆ ಮಾತ್ರ ಆ ಸನ್ನೆ ಬಹಳ ಹಿಡಿಸಿಬಿಟ್ಟಿತು. ಈಗ ಯಾವ ಸಭೆಗೆ ಹೋಗಲಿ, ಕ್ಯಾಮೆರಾ ಕಂಡರೆ ಸಾಕು, ಬೆರಳಾಡಿಸಿ, ಅಂಗೈ ಕಡಿದು, ಎದೆ ಮುಟ್ಟಿಕೊಳ್ಳುತ್ತಾರೆ. ಮೂಲೆಯ ಚೌಕದಲ್ಲಿ ಟೂತ್‌ಪೇಸ್ಟು ಕುಣಿಯುತ್ತಿರುತ್ತದೆ. ಸಂಜೆಯಾದರೆ ಅಕ್ಕ ಈಗಲೂ ಟೀವಿ ಹಾಕುತ್ತಾಳೆ. ಇಡೀ ವಾರ್ತೆಯಲ್ಲಿ ಅವಳಿಗೆ ಅರ್ಥವಾಗುವುದು ಸಚಿವರ ಆ ಒಂದೇ ಕೈಮಾತು.