ಕೊನೆಯ ಪುಟದ ಸಹಿ

ಆಸ್ಪತ್ರೆಯ ಗುಮಾಸ್ತ ಮೊಹರು ಒತ್ತಿ ಕೊಟ್ಟ ಹಾಳೆಯನ್ನು ಅವಳು ನಿಂತಲ್ಲೇ ಎರಡು ಸಲ ಓದಿದಳು. ಆಮೇಲೆ ನಾಲ್ಕಾಗಿ ಮಡಚಿ, ಚೀಲದ ತಳದಲ್ಲಿ ಸೋಪಿನ ಪುಡಿಯ ಪೊಟ್ಟಣದ ಕೆಳಗೆ ತುರುಕಿದಳು. ಇಪ್ಪತ್ತೆರಡು ವರ್ಷದಿಂದ ಅದೇ ಆಸ್ಪತ್ರೆಯ ಹೆರಿಗೆ ವಾರ್ಡಿನ ಬಟ್ಟೆ ಒಗೆಯುವವಳು. ಗುಮಾಸ್ತ ಏನೂ ಕೇಳಲಿಲ್ಲ.

ಅರ್ಧ ಗಂಟೆಯ ನಂತರ ವಕೀಲೆಯ ಮುಂದೆ ಕೂತು, ಮಗಳ ಜನನ ದಾಖಲೆ ಸಿಗಲಿಲ್ಲ ಎಂದಳು. ಆ ವರ್ಷದ ರಿಜಿಸ್ಟರನ್ನು ಗೆದ್ದಲು ತಿಂದಿದೆಯಂತೆ.

ವಕೀಲೆ ತಲೆಯ ಮೇಲೆ ಕೈ ಹೊತ್ತಳು. ವಾರಕ್ಕೆರಡು ದಿನ ಹಡಗಿನಲ್ಲಿ ಬಂದು, ಡ್ರಮ್ ರಿಪೇರಿ ಅಂಗಡಿಯ ಮಹಡಿಯಲ್ಲಿ ಕೂತು, ದ್ವೀಪದ ಹಾಡುಗಾರರ, ವಾದ್ಯದವರ ವ್ಯಾಜ್ಯಗಳನ್ನು ಬಿಟ್ಟಿಯಾಗಿ ನೋಡಿಕೊಡುವ ಹೆಂಗಸು. ಓದದೆ ಸಹಿ ಹಾಕುವುದರಲ್ಲಿ ಇಲ್ಲಿಯವರು ನಿಸ್ಸೀಮರು. ಗಿಟಾರಿನವನೊಬ್ಬ ಬಾಡಿಗೆ ರಸೀದಿ ಎಂದುಕೊಂಡು ತನ್ನ ಒಂಬತ್ತು ಹಾಡುಗಳನ್ನೇ ಬರೆದುಕೊಟ್ಟಿದ್ದ. ಆದರೆ ಇಂಥ ಒಪ್ಪಂದವನ್ನು ಅವಳೂ ನೋಡಿರಲಿಲ್ಲ. ಹುಡುಗಿ ಹನ್ನೆರಡು ವರ್ಷ ಹಾಡಿನ ಕಂಪನಿ ಹೇಳಿದಲ್ಲಿ ಮಾತ್ರ ಹಾಡಬೇಕು. ಮೂರು ವರ್ಷವಾದರೂ ಕಂಪನಿ ಎಲ್ಲಿಯೂ ಹಾಡಲು ಹೇಳಿರಲಿಲ್ಲ. ಅವಳು ಕಟ್ಟಿದ ಹಾಡುಗಳನ್ನು ಬೇರೊಬ್ಬಳ ಬಾಯಲ್ಲಿ ಹಾಡಿಸಿ ಹೆಸರು ಮಾಡಿಕೊಂಡಿತ್ತು. ತಡೆಯಲಾರದೆ ಒಂದು ಸಂಜೆ ಬಂದರಿನ ಸಭಾಂಗಣದಲ್ಲಿ ಹಾಡಿದ್ದಕ್ಕೆ ಈಗ ಈ ಮೊಕದ್ದಮೆ.

ಹೋದ ವಾರ ಅಲೆತಡೆಯ ಕಟ್ಟಕಡೆಯ ಬಂಡೆಯ ಮೇಲೆ ನಿಂತಿದ್ದವಳನ್ನು ಮೀನುಗಾರರು ಕೈ ಹಿಡಿದು ಮನೆಗೆ ಕರೆತಂದಿದ್ದರು. ಅಂದಿನಿಂದ ಮಾತಿಲ್ಲ, ಊಟ ಹೆಸರಿಗಷ್ಟೇ. ತೀರ್ಪು ಕಂಪನಿಯ ಕಡೆ ಹೋದರೆ ಮಗಳು ಮತ್ತೆ ಆ ಬಂಡೆಗೇ ಹೋಗುತ್ತಾಳೆ ಎಂದು ಅಮ್ಮನಿಗೆ ಚೆನ್ನಾಗಿ ಗೊತ್ತಿತ್ತು. ವಿಚಾರಣೆ ನಾಳೆ ಬೆಳಿಗ್ಗೆ.

ಇರುವುದು ಎರಡೇ ದಾರಿ ಎಂದು ವಕೀಲೆ ಮತ್ತೊಮ್ಮೆ ಬಿಡಿಸಿ ಹೇಳಿದಳು. ಸಹಿಯ ದಿನ ಹುಡುಗಿಗೆ ಹದಿನಾರು ತುಂಬಿರದಿದ್ದರೆ ಒಪ್ಪಂದ ತಾನಾಗಿಯೇ ಬಿದ್ದುಹೋಗುತ್ತದೆ. ಶಾಲೆಯಲ್ಲಿ ಬರೆಸಿದ್ದು ಅಂದಾಜಿನ ತಾರೀಖು, ಅದಕ್ಕೇ ಆಸ್ಪತ್ರೆಯ ದಾಖಲೆ ಬೇಕಿತ್ತು. ತುಂಬಿದ್ದರೆ, ಹೆತ್ತವರೋ ಕೋರ್ಟು ನೇಮಿಸಿದ ಪೋಷಕರೋ ಸಹಿ ಹಾಕಿರಬೇಕು, ಇಲ್ಲದಿದ್ದರೂ ಅದು ಬಿದ್ದುಹೋಗುತ್ತದೆ. ಕೊನೆಯ ಪುಟದಲ್ಲಿ ಅಮ್ಮನ ಸಹಿ ಇಬ್ಬರು ಸಾಕ್ಷಿಗಳೆದುರು ದುಂಡಗೆ, ಮುದ್ದಾಗಿ ಬಿದ್ದಿತ್ತು.

"ಬಲವಂತದಿಂದ ಹಾಕಿಸ್ಕೊಂಡ್ರಾ ಅಮ್ಮಾ? ಯೋಚನೆ ಮಾಡಿ ಹೇಳಿ."

"ಇಲ್ಲ ಮೇಡಂ. ತಾಯಿ ಸಹಿ ಬೇಕು ಅಂದ್ರು, ಹಾಕ್ದೆ. ಅಷ್ಟು ಖುಷಿಯಿಂದ ನಾನು ಇನ್ನೆಲ್ಲೂ ಸಹಿ ಹಾಕಿಲ್ಲ."

ವಕೀಲೆಗೆ ಅವಳನ್ನು ಹಿಡಿದು ಅಲುಗಾಡಿಸಬೇಕೆನಿಸಿತು. ಸುಮ್ಮನೆ ಕಡತ ಮುಚ್ಚಿದಳು.

ಮಹಡಿಯ ಹಲಗೆಗಳ ಕೆಳಗೆ ಕೂತ ಡ್ರಮ್ಮಿನವನಿಗೆ ಎಲ್ಲ ಕೇಳಿಸಿತ್ತು. ಹುಡುಗಿಗೆ ತಾಳ ಕಲಿಸಿದವನೇ ಅವನು. ವಕೀಲೆ ಕೆಳಗಿಳಿದು ಬರುತ್ತಲೇ ಹೊಟ್ಟೆಯಲ್ಲಿದ್ದದ್ದನ್ನು ಕಕ್ಕಿದ. ಕೈಗೂಸನ್ನು ಎತ್ತಿಕೊಂಡು ಈ ಕೇರಿಗೆ ಬಂದಾಗಿನಿಂದ ಆಯಮ್ಮನನ್ನು ನೋಡಿದ್ದಾನಂತೆ. ಒಪ್ಪಂದವಾದ ತಿಂಗಳೇ ಕಂಪನಿಯವರು ಆ ಮನೆಗೆ ಹೊಸ ಛಾವಣಿ ಹಾಕಿಸಿಕೊಟ್ಟಿದ್ದರಂತೆ. ಇನ್ನು ಆ ದಾಖಲೆ ಕೋಣೆಯಲ್ಲಿರುವುದೆಲ್ಲ ಕಬ್ಬಿಣದ ಬೀರು, ಗೆದ್ದಲಿಗೆ ಅಲ್ಲೇನು ಕೆಲಸ?

"ಆಯಮ್ಮ ಲಾಲಿ ಹಾಡಿದ್ರೆ ಮಲಗಿದ್ ಮಕ್ಕಳೂ ಎದ್ದು ಅಳ್ತಿದ್ವು," ಎಂದ. "ಅಂಥವಳ ಮನೇಲಿ ಇಂಥ ಕಂಠ. ಅದನ್ನೂ ಮಾರ್ಕೊಂಡ್ಳು."

ನಂಬಲು ಮನಸ್ಸಿಲ್ಲದೆ ವಕೀಲೆ ಆಸ್ಪತ್ರೆಗೆ ಹೋದಳು. ದಾಖಲೆ ಕೋಣೆಗೆ ಬೀಗ ಬಿದ್ದಿತ್ತು. ಗೇಟಿನ ಬಳಿ ಸಿಕ್ಕ ಗುಮಾಸ್ತ, ಆಯಮ್ಮನೇ ತಾರೀಖು ಹೇಳಿದಳು, ಹುಡುಕಿ ಬೆಳಿಗ್ಗೆಯೇ ಕೊಟ್ಟೆನಲ್ಲ ಎಂದ. ವಕೀಲೆ ಅಲ್ಲಿಂದ ನೇರ ಅಮ್ಮನ ಮನೆಗೇ ಹೋದಳು.

ಆ ಮನೆಯ ಬಾಗಿಲು ತೆರೆದೇ ಇತ್ತು. ಒಳಗೆ ಅಮ್ಮ ಮಗಳ ತಲೆ ಬಾಚುತ್ತಿದ್ದಳು. ಸಿಕ್ಕೆಲ್ಲ ಬಿಡಿಸಿ ಮುಗಿದಿದ್ದರೂ ಬಾಚಣಿಗೆ ನಿಂತಿರಲಿಲ್ಲ. ಎಷ್ಟೋ ದಿನದ ಮೇಲೆ ಹುಡುಗಿ ಬಾಯಿ ಬಿಟ್ಟದ್ದು ಆಗಲೇ. "ಯಾಕಮ್ಮ ಸಹಿ ಹಾಕ್ದೆ?" ಅಮ್ಮ ವಕೀಲೆಯನ್ನು ಕಂಡು ಎದ್ದು ಹೊರಗೆ ಬಂದು, ಬಾಗಿಲು ಮುಂದೆ ಮಾಡಿದಳು.

"ಆ ಹಾಳೆ ನಿಮ್ಮ ಹತ್ರ ಇದೆ," ಎಂದಳು ವಕೀಲೆ.

"ಇದೆ. ನಾಳೆ ನಾನೇ ತರ್ತೀನಿ. ಇವತ್ತೊಂದು ದಿನ ನಮ್ಮನ್ನ ಬಿಟ್ಬಿಡಿ ಮೇಡಂ."

ಒಂದು ದಿನ ಯಾತಕ್ಕೆ, ಕಂಪನಿಯವರ ಜೊತೆ ಚೌಕಾಸಿಗೆ ತಾನೆ, ಎಂದು ವಕೀಲೆ ಮುಖಕ್ಕೆ ಹೊಡೆದಂತೆ ಕೇಳಿದಳು. ಅಮ್ಮ ಒಳಗೆ ಹೋಗಿ ಮತ್ತೆ ಬಾಚಣಿಗೆ ಹಿಡಿದಳು.

ಮರುದಿನ ಕೋರ್ಟಿನಲ್ಲಿ ಕಂಪನಿಯ ವಕೀಲ ಒಪ್ಪಂದದ ಕೊನೆಯ ಪುಟವನ್ನು ಎತ್ತಿ ಹಿಡಿದ. ಅವನು ಬಾಯಿ ತೆರೆಯುವ ಮೊದಲೇ ಅಮ್ಮ ಎದ್ದು ಹೋಗಿ, ಮಡಚಿದ ಹಾಳೆಯನ್ನು ನ್ಯಾಯಾಧೀಶರ ಮೇಜಿನ ಮೇಲಿಟ್ಟಳು. ಅವರು ಬಿಡಿಸಿ ನೋಡಿದರು. ಸಹಿಯ ದಿನಕ್ಕೆ ಹುಡುಗಿಗೆ ಹದಿನಾರು ತುಂಬಿ ಎರಡು ತಿಂಗಳಾಗಿತ್ತು ಎಂದು ಗಟ್ಟಿಯಾಗಿ ಹೇಳಿದರು. ಕಂಪನಿಯ ವಕೀಲ ನಕ್ಕ. ಬೆಂಚಿನಲ್ಲಿ ಕೂತಿದ್ದ ಹುಡುಗಿ ಕಣ್ಣು ಮುಚ್ಚಿಕೊಂಡಳು. ಛಾವಣಿಯ ಋಣ ಹೀಗೆ ತೀರಿತು ಎಂದುಕೊಂಡಳು ವಕೀಲೆ.

ನ್ಯಾಯಾಧೀಶರ ಬೆರಳು ಮಾತ್ರ ಒಂದು ಸಾಲು ಕೆಳಗಿಳಿದು ಅಲ್ಲೇ ನಿಂತಿತು. ಕನ್ನಡಕ ತೆಗೆದು ಒರೆಸಿ, ಮತ್ತೆ ಓದಿದರು. ಕೊನೆಯ ಪುಟದ ಸಹಿ ನಿಮ್ಮದೇ ತಾನೆ ಎಂದು ಮೆಲ್ಲಗೆ ಕೇಳಿದರು. ಅಮ್ಮ ಬೆಂಚಿನ ಕಡೆ ತಿರುಗಿ ನೋಡಲಿಲ್ಲ.

"ಸಹಿ ನಂದೇ ಸ್ವಾಮಿ. ಇವಳನ್ನ ಹೆತ್ತವಳು ಆ ವಾರ್ಡಲ್ಲೇ ತೀರ್ಕೊಂಡ್ಳು. ನಾನು ಯಾರನ್ನೂ ಕೇಳದೆ ಎತ್ಕೊಂಡು ಬಂದವಳು."