ಮೊದಲ ಚಮಚ

ಕೆಂಡ ಹೇರಿದ್ದ ಮುಚ್ಚಳವನ್ನು ಅಂಜನಮ್ಮ ಇಕ್ಕಳದಲ್ಲಿ ಎತ್ತಿದಾಗ ಮಾವಿನ ಹೋಳುಗಳ ಮೇಲೆ ಹಿಟ್ಟು ಹೊಂಬಣ್ಣಕ್ಕೆ ಉಬ್ಬಿ, ಅಂಚಿನಲ್ಲಿ ರಸ ಕೊತಕೊತ ಕುದಿಯುತ್ತಿತ್ತು. ವೈಟ್‌ಫೀಲ್ಡಿನ ಡೋರೀನ್ ಮಿಸ್ಸಮ್ಮನ ಬಂಗಲೆಯಲ್ಲಿ ಅಡುಗೆಯವಳಾಗಿ ಇಪ್ಪತ್ತೆರಡು ಬೇಸಿಗೆ ಮಾಡಿದ, ಕಾಬ್ಲರ್ ಎಂಬ ಈ ಮಾವಿನ ಸಿಹಿಯನ್ನು ವರ್ತೂರಿನ ತನ್ನ ಮನೆಯಲ್ಲಿ ಅವಳು ಮಾಡಿದ್ದು ಇದೇ ಮೊದಲು. ಬಂಗಲೆಗೆ ಬೀಗ ಬಿದ್ದಿತ್ತು. ಬಿಲ್ಡರ್ ಆಗಲೇ ಟೇಪು ಹಿಡಿದು ಅಳೆಯುತ್ತಿದ್ದ. ಮಿಸ್ಸಮ್ಮನನ್ನು ಮಣ್ಣು ಮಾಡಿ ಇವತ್ತಿಗೆ ಮೂರನೇ ದಿನ. ಸಮಾಧಿಗೆ ಇಷ್ಟದ ತಿಂಡಿ ಎಡೆ ಇಡುವ ಸುದ್ದಿ ಪಾದ್ರಿಗಳ ಪುಸ್ತಕದಲ್ಲಿ ಇಲ್ಲದಿದ್ದರೇನಂತೆ, ಮೂರನೇ ದಿನ ಯಾರನ್ನೂ ಹಸಿದಿರಲು ಬಿಡುವವಳಲ್ಲ ಅಂಜನಮ್ಮ.

"ರುಚಿಗಿಚಿ ನೋಡ್ಬಿಟ್ಟೀಯ ಕಣವ್ವ. ಎಡೆಗಿಕ್ಕೋದು, ಎಂಜ್ಲಾಗ್ತದೆ," ಎಂದಳು ಮಗಳು ಶಶಿಕಲಾ.

"ನಂಗೇ ಯೋಳ್ಕೊಡ್ತೀಯಾ?" ಎನ್ನುತ್ತಲೇ ಅಂಜನಮ್ಮನ ಕೈ ಒಂದು ಚಮಚ ತೆಗೆದುಕೊಂಡಿತು. ಊದಿ ಆರಿಸಿ ಎಡಕ್ಕೆ ಚಾಚಿದಳು. ಬಂಗಲೆಯಲ್ಲಿ ಒಲೆಯ ಎಡಕ್ಕೆ ಮಿಸ್ಸಮ್ಮನ ಕುರ್ಚಿ. ಮೊದಲ ಚಮಚ ಯಾವಾಗಲೂ ಅಲ್ಲಿಗೇ ಹೋಗಬೇಕು. ಇಲ್ಲಿ ಆ ಜಾಗದಲ್ಲಿ ರಾಗಿ ಡಬ್ಬವಿತ್ತು. ಕೈ ಹಾಗೇ ಗಾಳಿಯಲ್ಲಿ ನಿಂತಿತು, ಹಿಂದಕ್ಕೆ ಬರಲಿಲ್ಲ.

ಶಶಿಕಲಾ ಒಂದು ಗಳಿಗೆ ನೋಡಿದಳು. ಆಮೇಲೆ ಬಗ್ಗಿ ಆ ಚಮಚಕ್ಕೆ ಬಾಯಿಟ್ಟು, ಎಡೆಯ ನೇಮವನ್ನೂ ಇನ್ನೂ ಬಿಸಿಯಿದ್ದ ರಸವನ್ನೂ ಒಟ್ಟಿಗೆ ನುಂಗಿದಳು. ಅವ್ವ ದಿನಾ ಸಂಜೆ ಮನೆಗೆ ಬಂದು ಗೊಣಗುತ್ತಿದ್ದ ಮಿಸ್ಸಮ್ಮನ ಮಾತು ಅವಳಿಗೆ ಬಾಯಿಪಾಠವಾಗಿತ್ತು.

"ಸಕ್ಕರೆ ಕಮ್ಮಿ, ಅಂಜನಮ್ಮ," ಎಂದಳು ಶಶಿಕಲಾ.

"ನಿಮ್ಗೆ ಯಾವತ್ತು ಸಾಕಾಗಿತ್ತು, ಮಿಸ್ಸಮ್ಮ..." ಎನ್ನುತ್ತಾ ಸಕ್ಕರೆ ಡಬ್ಬಿಗೆ ಕೈ ಹಾಕಿದ ಅಂಜನಮ್ಮ, ಮೂರು ದಿನದಲ್ಲಿ ಮೊದಲ ಸಲ ಅತ್ತಳು.