ಆರನೇ ಕ್ಲಾಸಿನ ಅಭಿಮಾನಿ

“ಬಂತು ಕಣೇ, ಕೊನೆಗೂ ಬಂತು!” ಎನ್ನುತ್ತ ಸ್ಕೂಲಿನ ಕಂಪ್ಯೂಟರ್ ಲ್ಯಾಬ್ ಮೇಷ್ಟ್ರು ಲ್ಯಾಪ್‌ಟಾಪನ್ನು ಕೂಸಿನ ಹಾಗೆ ಎತ್ತಿಕೊಂಡು ಅಡುಗೆಮನೆಗೆ ನುಗ್ಗಿದರು. ಈರುಳ್ಳಿ ಹೆಚ್ಚುತ್ತಿದ್ದ ಹೆಂಡತಿ ತಿರುಗಿಯೂ ನೋಡಲಿಲ್ಲ.

“ಏನ್ ಬಂತು, ಗ್ಯಾಸಾ?”

“ಪತ್ರ! ನನ್ನ ಪುಟ ಓದಿದವರ ಪತ್ರ!”

ಇಂಟರ್ನೆಟ್ಟಿನಲ್ಲಿ ಮೇಷ್ಟ್ರದೊಂದು ಪುಟವಿತ್ತು. ರೋಬೋಟಿನ ಹುಚ್ಚು ಹತ್ತಿದವರು, ಪ್ರೋಗ್ರಾಂ ಬರೆಯಲು ಹೊರಟವರು, ಅವರಿಗೆ ಪಾಠ ಹೇಳುವವರು, ಯಾರಿಗೆ ಏನು ಬೇಕೋ ಅದು ಎಲ್ಲಿ ಪುಕ್ಕಟೆ ಸಿಗುತ್ತದೆಂದು ಜಾಲಾಡಿ ಲಿಂಕುಗಳನ್ನು ಪೇರಿಸಿಟ್ಟಿದ್ದರು. ಕೊನೆಯಲ್ಲಿ ಸ್ವಂತದ ಒಂದು ಪಾಠ: ಮೂರು ಚಕ್ರದ ಪುಟ್ಟ ಗಾಡಿ ಮಾಡುವ ಬಗೆ. ಈ ಪುಟವನ್ನು ಓದುವ ಏಕೈಕ ಪ್ರಾಣಿ ಸ್ವತಃ ಮೇಷ್ಟ್ರೇ ಎಂಬುದು ಹೆಂಡತಿಯ ವಾದ. ಅದರ ದೆಸೆಯಿಂದ ಊಟದ ಟೇಬಲ್ಲು ಮೋಟಾರು, ವೈರುಗಳ ಪಾಲಾಗಿ, ಗಂಡ ಹೆಂಡತಿ ತೊಡೆಯ ಮೇಲೆ ತಟ್ಟೆ ಇಟ್ಟುಕೊಂಡು ಸೋಫಾದಲ್ಲಿ ಉಣ್ಣುತ್ತಿದ್ದರು. ಕಡೆಗೊಂದು ದಿನ ಅವಳು ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದಳು: ಈ ಶನಿವಾರದೊಳಗೆ ಗುರುತು ಪರಿಚಯವಿಲ್ಲದ ಒಬ್ಬರಾದರೂ ‘ಓದಿದೆ’ ಅಂದರೆ ಟೇಬಲ್ ನಿಮ್ಮದು, ಇಲ್ಲವಾದರೆ ಪುಟ ಮುಚ್ಚಿ, ಟೇಬಲ್ ಬಿಡಿ. ವೀರಾವೇಶದಲ್ಲಿ ಒಪ್ಪಿಕೊಂಡ ಮೇಷ್ಟ್ರಿಗೆ ಅಂದಿನಿಂದ ನಿದ್ದೆ ಸರಿಯಾಗಿ ಹತ್ತುತ್ತಿರಲಿಲ್ಲ.

ಈಗ ಅವರು ಗಂಟಲು ಸರಿಮಾಡಿಕೊಂಡು ಓದಿದರು. “‘ಮಾನ್ಯರೇ, ನಾನು ಆರನೇ ಕ್ಲಾಸಿನ ಟೀಚರ್. ನಿಮ್ಮ ಪುಟದಿಂದ ನಮ್ಮ ಮಕ್ಕಳಿಗೆ ಬಹಳ ಉಪಕಾರವಾಯಿತು. ಅದರಲ್ಲೂ ಒಬ್ಬ ಹುಡುಗಿಗೆ ನೀವೆಂದರೆ ಪ್ರಾಣ. ಅವಳೇ ಹುಡುಕಿದ ಲಿಂಕೊಂದು ಕೆಳಗಿದೆ. ಅದನ್ನೂ ನಿಮ್ಮ ಪುಟಕ್ಕೆ ಸೇರಿಸಿದರೆ ಮಗುವಿನ ಸಂತೋಷಕ್ಕೆ ಪಾರವೇ ಇರದು.’” ಕೊನೆಯ ಸಾಲನ್ನು ಮೇಷ್ಟ್ರು ಎರಡು ಸಲ ಓದಿದರು.

ಹೆಂಡತಿ ಕೈ ಒರೆಸಿಕೊಂಡು ಲಿಂಕ್ ಒತ್ತಿದಳು. ಪರದೆಯ ಮೇಲೆ ಅಂಗಡಿಯೊಂದರ ಬಚ್ಚಲುಮನೆ ಟೈಲ್ಸುಗಳು ಫಳಫಳ ಹೊಳೆದವು.

“ಇದೇನ್ರೀ, ರೋಬೋಟಿಗೆ ಸ್ನಾನ ಮಾಡಿಸ್ತಾಳಂತಾ?”

“ಮಗು ಕಣೇ... ಏನೋ ಕೈ ತಪ್ಪಿ...”

“ಅಯ್ಯೋ ನಿಮ್ಮ! ಇದೇ ಮಗು ಮೊನ್ನೆ ನಮ್ಮ ಡಾಕ್ಟರಿಗೂ ಬರೆದಿದ್ಲು.” ಅವಳು ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಕೌಂಟರ್ ನೋಡಿಕೊಳ್ಳುವವಳು. “ಅವರ ಪುಟದಲ್ಲಿ ಹಲ್ಲುಜ್ಜೋದು ಹೇಗೆ ಅನ್ನೋದನ್ನ ಓದಿ ಕಣ್ಣಲ್ಲಿ ನೀರೇ ಬಂತಂತೆ. ಕೆಳಗಡೆ ಇವೇ ಟೈಲ್ಸು. ಅಂಗಡಿ ಹೆಸರು ನಾಲ್ಕು ಕಡೆ ಕಾಣಿಸ್ಲಿ ಅಂತ ಯಾರಿಂದ್ಲೋ ಬರೆಸ್ತಾರೆ ರೀ. ಪಾಪ, ಆ ಮಗೂಗೆ ಹಲ್ಲೂ ಉಜ್ಜಬೇಕು, ರೋಬೋಟೂ ಮಾಡಬೇಕು, ಬಚ್ಚಲೂ ಕಟ್ಟಿಸಬೇಕು. ಎಷ್ಟೂಂತ ಮಾಡತ್ತೆ!”

ಮೇಷ್ಟ್ರ ಮುಖ ಸಪ್ಪಗಾಯಿತು. ನಿಜಕ್ಕೂ ನೋವಾಗಿತ್ತು, ಪಾಪ. ಆದರೆ ಅದರ ಹಿಂದೆಯೇ ತುಂಟತನವೂ ತಲೆ ಎತ್ತಿತು. ಅಲ್ಲೇ ನಿಂತು ಟಕಟಕ ಉತ್ತರ ಕುಟ್ಟಿದರು: ‘ಲಿಂಕ್ ಖಂಡಿತ ಹಾಕುತ್ತೇನೆ. ಆದರೆ ಮಗು ಮೊದಲು ನನ್ನ ಪಾಠ ನೋಡಿಕೊಂಡು ಗಾಡಿ ಮಾಡಲಿ, ಓಡಿಸಿ ತೋರಿಸಲಿ.’

“ಒದ್ದಾಡ್ಲಿ ಬಡ್ಡೀಮಗ,” ಎಂದರು. ಹೆಂಡತಿಯೂ ನಕ್ಕಳು. ಆದರೆ ಶನಿವಾರದ ಮಾತನ್ನು ಮಾತ್ರ ಸಡಿಲಿಸಲಿಲ್ಲ.

ಶನಿವಾರ ಬಂದೇ ಬಂತು. ಮೇಷ್ಟ್ರು ಮೋಟಾರುಗಳನ್ನು ಒಂದೊಂದಾಗಿ ರಟ್ಟಿನ ಪೆಟ್ಟಿಗೆಗೆ ತುಂಬುತ್ತಿದ್ದರು, ಹೆಂಡತಿ ಒದ್ದೆಬಟ್ಟೆ ಹಿಡಿದು ಪಕ್ಕದಲ್ಲೇ ಕಾದಿದ್ದಳು. ಆಗ ಫೋನ್ ಬಡಿದುಕೊಂಡಿತು. ಕೈ ತುಂಬ ವೈರು ಇದ್ದದ್ದರಿಂದ ಮೇಷ್ಟ್ರು ಸ್ಪೀಕರ್ ಒತ್ತಿದರು.

“ಸಾರ್, ನಿಮ್ಮ ಪುಟದಲ್ಲಿ ಈ ನಂಬರ್ ಇತ್ತು. ಅದೇ ಸಾರ್, ಆರನೇ ಕ್ಲಾಸಿನ ಆ ಹುಡುಗಿ...” ಗಡಸು ಗಂಡು ದನಿ ತಡವರಿಸಿತು.

“ಏನಾಯ್ತು ಅವಳಿಗೆ?”

“ಅದು ನಾನೇ ಸಾರ್.”

ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

“ಬೈಬೇಡಿ ಸಾರ್, ಇಂಥ ಪತ್ರ ಬರೆಯೋದೇ ನನ್ನ ನೌಕರಿ. ಯಾರ ಪುಟಾನೂ ಓದಲ್ಲ, ಸುಮ್ನೆ ಹೊಗಳಿ ಕಳಿಸ್ತೀವಿ. ತಿರುಗಿ ಇಂಥ ಷರತ್ತು ಹಾಕಿದೋರು ನೀವೊಬ್ರೇ. ಇದ್ಯಾವ ಗಾಡಿ ನೋಡೇಬಿಡೋಣ ಅಂತ ಕೂತೆ, ಏಳೋಕೇ ಆಗ್ಲಿಲ್ಲ. ಪೂರ್ತಿ ಓದಿದೆ. ಆದ್ರೆ ಸಾರ್, ನಿಮ್ಮ ಲಿಂಕಲ್ಲಿ ಮೂರು ಸತ್ತು ಹೋಗಿವೆ, ಒತ್ತಿದ್ರೆ ಏನೂ ತೆರೆಯಲ್ಲ. ಇನ್ನೊಂದನ್ನ ಎರಡೆರಡು ಸಲ ಹಾಕಿದೀರಿ. ಸ್ವಲ್ಪ ನೋಡ್ಕೋಬಾರ್ದಾ?”

ಬೈಸಿಕೊಂಡು ಇಷ್ಟೊಂದು ಹಿಗ್ಗಿದ ಮನುಷ್ಯನನ್ನು ಹೆಂಡತಿ ಅದುವರೆಗೆ ಕಂಡಿರಲಿಲ್ಲ. “ಸತ್ತಿವೆಯಂತೆ ಕಣೇ! ಮೂರೂ ಸತ್ತಿವೆಯಂತೆ! ಒತ್ತಿ ನೋಡಿದಾನೆ!” ಎಂದು ಮೇಷ್ಟ್ರು ನಿಂತಲ್ಲೇ ಕುಣಿದರು. ಅವಳು ಒಂದು ಗಳಿಗೆ ಗಂಡನ ಮುಖವನ್ನೇ ನೋಡಿದಳು. ಆಮೇಲೆ ಒದ್ದೆಬಟ್ಟೆ ಬದಿಗಿಟ್ಟು, ಪೆಟ್ಟಿಗೆಯನ್ನು ಎತ್ತಿ, ಇದ್ದಬದ್ದದ್ದನ್ನೆಲ್ಲ ಮತ್ತೆ ಟೇಬಲ್ಲಿನ ಮೇಲೆ ಸುರಿದಳು.

“ಗಾಡಿ ಏನಾಯ್ತಪ್ಪಾ?” ಎಂದು ಮೇಷ್ಟ್ರು ಕೇಳಿದರು.

“ಅದಕ್ಕೇ ಫೋನ್ ಮಾಡಿದ್ದು ಸಾರ್. ಮುಂದೆ ಹೋಗು ಅಂದ್ರೆ ಹಿಂದೆ ಹೋಗತ್ತೆ. ಆಫೀಸಲ್ಲಿ ಮಾನ ಹೋಗ್ತಿದೆ.”

“ಅಷ್ಟೇ ತಾನೆ? ಎರಡೂ ಮೋಟಾರಿನ ವೈರುಗಳನ್ನ ಅದಲು ಬದಲು ಮಾಡು. ನಾನು ಕಾಯ್ತೀನಿ.”

ಫೋನಿನಲ್ಲಿ ಏನೋ ಕಟಕಟ ಎಂದಿತು. ಕುರ್ಚಿಗಳು ಸರಿದ ಸದ್ದಾಯಿತು. ಆಮೇಲೆ ಗುರ್ರ್ ಎಂಬ ಸಣ್ಣ ಸದ್ದು ಹತ್ತಿರದಿಂದ ಹೊರಟು ದೂರ ದೂರ ಹೋಯಿತು, ಅದರ ಬೆನ್ನಿಗೇ ಹತ್ತಾರು ಗಂಡಸರು ಕಿವಿ ಕಿತ್ತುಹೋಗುವ ಹಾಗೆ ‘ಹೋ’ ಎಂದು ಅರಚಿದರು.

ಹೆಂಡತಿ ಫೋನಿನ ಮೇಲೆ ಬಗ್ಗಿ ಕೇಳಿದಳು. “ಯಾರಪ್ಪಾ ಅವರೆಲ್ಲ?”

“ನಮ್ಮ ಕ್ಲಾಸಿನ ಉಳಿದ ಹುಡುಗೀರು ಅಕ್ಕಾ!”